ಅಪ್ಪಚ್ಚನ್ ಕೇಳಿದ ಎರಡು ನಿಮಿಷ

“ಅಮ್ಮಾ, ಅಪ್ಪಚ್ಚನ್ ಪೇಪರಲ್ಲಿ ಯಾವಾಗ ಬರ್ತಾರೆ?”

ಐದು ವರ್ಷದ ನನ್ನ ಮಗಳು ರೋಸ್ಮಿ ಈ ಪ್ರಶ್ನೆ ಕೇಳಿದ್ದು ಊಟದ ಹೊತ್ತಿನಲ್ಲಿ, ಅಪ್ಪಚ್ಚನ್ ಎದುರಿಗೇ, ಬೇಯಿಸಿದ ಮರಗೆಣಸಿನ ತುಂಡನ್ನು ಅವರು ಮೀನಿನ ಸಾರಿನಲ್ಲಿ ಅದ್ದುತ್ತಿದ್ದಾಗ. ಅಪ್ಪಚ್ಚನ್ ಅಂದರೆ ನನ್ನ ಮಾವ. ಪೂರ್ತಿ ಹೆಸರು ವಾರಪ್ಪಳ್ಳಿಲ್ ಇಟ್ಟಿಯವಿರ, ನಿವೃತ್ತ ಹೆಡ್ಮಾಸ್ಟರು, ವಯಸ್ಸು ಎಪ್ಪತ್ತೊಂಬತ್ತು. ಕೇರಳದ ನಮ್ಮ ಪಾಲಾ ಊರಿನಲ್ಲಿ ‘ಪೇಪರಲ್ಲಿ ಬರುವುದು’ ಅಂದರೆ ನಿಧನದ ಪುಟದಲ್ಲಿ ಬರುವುದು. ಬೇರೆ ಕಾರಣಕ್ಕೆ ಪೇಪರಿನಲ್ಲಿ ಬಂದವರ ಮನೆಗೆ ನಾವು ಹೆಣ್ಣು ಕೊಡುವುದಿಲ್ಲ.

ನಾನು ಮೇಜಿನ ಕೆಳಗೆ ಮಗಳ ತೊಡೆ ಚಿವುಟಿದೆ. ಅಪ್ಪಚ್ಚನ್ ಮಾತ್ರ ಹೂವಿನಂತೆ ಅರಳಿಬಿಟ್ಟರು.

“ದೇವರು ಕರೆದ ದಿನ, ಮೋಳೇ! ಫೋಟೋ ರೆಡಿ, ಬರಹ ರೆಡಿ. ನಾನು ಸಾಯೋದೊಂದು ಬಾಕಿ.” ಮೊಮ್ಮಗಳಾಗಲಿ, ಸೊಸೆಯಾದ ನಾನಾಗಲಿ, ಅವರಿಗೆ ಇಬ್ಬರೂ ‘ಮೋಳೇ’, ಅಂದರೆ ಮಗಳೇ.

ಈ ಸಿದ್ಧತೆಗೆ ಒಂದು ಚರಿತ್ರೆಯಿದೆ. ಹನ್ನೊಂದು ವರ್ಷದ ಹಿಂದೆ ನನ್ನ ಅತ್ತೆ ತೀರಿಕೊಂಡಾಗ ಪೇಪರಿನವರು ಅವರ ತವರುಮನೆಯ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದರಂತೆ. ಸಮಾಧಿಯ ಮಣ್ಣು ಒಣಗುವ ಮೊದಲೇ ಅಪ್ಪಚ್ಚನ್ ಭೀಷ್ಮ ಪ್ರತಿಜ್ಞೆ ಮಾಡಿದರು: ನನ್ನದನ್ನು ನಾನೇ ಬರೆದಿಟ್ಟು ಹೋಗುತ್ತೇನೆ. ಅಂದಿನಿಂದ ನಮ್ಮ ಮನೆಯ ಏಕೈಕ ಲ್ಯಾಪ್‌ಟಾಪಿನಲ್ಲಿ ‘ಅಂತ್ಯ’ ಎಂಬ ಫೋಲ್ಡರು ನೆಲೆಸಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಇಗರ್ಜಿಯಿಂದ ಬಂದು, ಕಾಫಿ ಕುಡಿದು, ಅಂದು ಸತ್ತವರನ್ನೆಲ್ಲ ಓದಿ ಮುಗಿಸಿ, ಆಮೇಲೆ ತಮ್ಮ ಸಾವನ್ನು ತೆರೆದು ತಿದ್ದಲು ಕೂರುತ್ತಾರೆ. ಒಂದು ದಿನ ‘ಸಮಾಜಸೇವಕರು’ ಎಂದು ಸೇರಿಸುತ್ತಾರೆ. ಮರುದಿನ ಅದು ಜಂಭವಾಯಿತು ಎಂದು ತೆಗೆಯುತ್ತಾರೆ. ಮೂರನೆಯ ದಿನ ಪಕ್ಕದ ಓಣಿಯ ಯಾರೋ ಜುಜುಬಿ ಮನುಷ್ಯ ‘ಸಮಾಜಸೇವಕ’ನಾಗಿ ಸತ್ತದ್ದನ್ನು ಓದಿ, ಸಿಟ್ಟು ಬಂದು, ಮತ್ತೆ ಸೇರಿಸುತ್ತಾರೆ.

ಅದೇ ಲ್ಯಾಪ್‌ಟಾಪಿನಲ್ಲಿ ನನ್ನದೂ ಒಂದು ಫೋಲ್ಡರು ಇತ್ತು. ಹೆಸರು ‘ರೋಸ್ಮಿ’. ಅದರಲ್ಲಿ ಮಗಳ ಮೊದಲ ಎರಡು ವರ್ಷ ಇದ್ದವು. ಮಗಳಿಗಿಂತ ಹೆಚ್ಚಾಗಿ (ಇದನ್ನು ಡೈರಿಯಲ್ಲಿ ಮಾತ್ರ ಬರೆದಿದ್ದೆ, ಈಗ ನಿಮಗೂ ಹೇಳುತ್ತೇನೆ) ಅದರಲ್ಲಿ ನನ್ನ ಅಮ್ಮ ಇದ್ದಳು. ನನ್ನ ತವರೂರು ತೊಡುಪುಳದಿಂದ ಬಾಣಂತನಕ್ಕೆ ಬಂದವಳು. ವಿಡಿಯೋ ತೆಗೆಯಲು ಫೋನು ಎತ್ತಿದರೆ ಸಾಕು, ಸೆರಗು ಮುಖಕ್ಕೆ ಹಿಡಿದು ಅಡುಗೆಮನೆಗೆ ಓಡುವ ಹೆಂಗಸು. ಒಂದೇ ಒಂದು ದಿನ ಸಿಕ್ಕಿಬಿದ್ದಳು. ಕಾಲು ಚಾಚಿ ಕೂತು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಾಗ. ಎರಡು ಕೈಗೂ ಎಣ್ಣೆ, ತೊಡೆ ಮೇಲೆ ಜಾರುವ ಮಗು, ಓಡುವುದು ಎಲ್ಲಿಗೆ? “ಬೇಡ ಕಣೇ, ಆಚೆ ಇಡೇ ಅದನ್ನ” ಎಂದು ಬೈಯುತ್ತಲೇ ಕೂಸಿಗೆ ಹಾಡಿದಳು. ಹನ್ನೊಂದು ನಿಮಿಷ. ರೋಸ್ಮಿಗೆ ಎರಡು ವರ್ಷ ತುಂಬಿದ ತಿಂಗಳು ಅಮ್ಮ ಹೋದಳು. ಅವಳ ದನಿ ಈ ಭೂಮಿಯ ಮೇಲೆ ಉಳಿದದ್ದು ಆ ಹನ್ನೊಂದು ನಿಮಿಷದಲ್ಲಿ ಮಾತ್ರ.

ಅದನ್ನು ಫೋನಿನಿಂದ ತೆಗೆದು ಲ್ಯಾಪ್‌ಟಾಪಿಗೆ ಹಾಕಿದವಳು ನಾನೇ. ಭದ್ರವಾಗಿರಲಿ ಅಂತ! ಫೋನು ಕೈಜಾರಿ ಬೀಳುತ್ತದೆ, ನೀರಿಗೆ ಬೀಳುತ್ತದೆ, ಮಗು ಕಚ್ಚುತ್ತದೆ. ಲ್ಯಾಪ್‌ಟಾಪು ಮೇಜು ಬಿಟ್ಟು ಕದಲುವುದಿಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲೋ ಇಡಬಹುದು ಎಂದು ಯಾರೋ ಹೇಳಿದ್ದರು. ಕಣ್ಣಿಗೆ ಕಾಣದ ಕಪಾಟಿನಲ್ಲಿ ಅಮ್ಮನನ್ನು ಇಡಲು ನನಗೆ ಮನಸ್ಸಾಗಲಿಲ್ಲ. ನಾನು ವ್ಯವಹಾರ ಗೊತ್ತಿರುವ ಹೆಂಗಸು ಎಂದು ನಮ್ಮ ಬಂಧುಬಳಗದಲ್ಲೆಲ್ಲ ಹೆಸರಿದೆ.

ಒಂದು ಮಂಗಳವಾರ ಆ ಲ್ಯಾಪ್‌ಟಾಪು ಲೊಚಗುಟ್ಟಲು ಶುರುಮಾಡಿತು.

“ಹಲ್ಲಿ” ಎಂದು ಅಪ್ಪಚ್ಚನ್ ತೀರ್ಪು ಕೊಟ್ಟರು. “ಗೋಡೆ ಸಂದಿಯಲ್ಲಿ ಇದೆ. ಪೊರಕೆ ತಾ.”

ನಾನು ಪೊರಕೆ ತಂದು ಗೋಡೆಗೆಲ್ಲ ಬಡಿದೆ. ಹಲ್ಲಿ ಬೀಳಲಿಲ್ಲ. ಟಿಕ್, ಟಿಕ್, ಕರ್ರ್. ಕಿವಿಗೊಟ್ಟರೆ ಸದ್ದು ಬರುತ್ತಿದ್ದುದು ಕೀಲಿಮಣೆಯ ಎಡಗಡೆಯಿಂದ. ಪರದೆ ಒಮ್ಮೆ ನೀಲಿಯಾಯಿತು, ಒಮ್ಮೆ ಕಪ್ಪಾಯಿತು. ಅಪ್ಪಚ್ಚನ್ ಮುಖ ಮಾತ್ರ ಒಂದೇ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು.

“ಮೋಳೇ! ನನ್ನ ಸಾವು ಇದರೊಳಗಿದೆ!”

ಸಂಜೆ ನನ್ನ ಗಂಡ ಸಿಬಿಚ್ಚನ್ ಕಚೇರಿಯಿಂದ ಬಂದ. ಮನೆಗೆ ಬೆಂಕಿ ಬಿದ್ದರೂ ಮೊದಲು ಚಹಾ ಕುಡಿದು ಆಮೇಲೆ ಐರ್ಲೆಂಡಿನ ಸಾಲಿಚೇಚಿಯನ್ನು (ಚೇಚಿ ಅಂದರೆ ಅಕ್ಕ) ಕೇಳುವ ಸ್ವಭಾವ ಅವನದು. ಚಹಾ ಕುಡಿದ, ಕೇಳಿದ. ಸಾಲಿಚೇಚಿಯ ಗಂಡ ಬೇಬಿಚ್ಚನ್ ಅಲ್ಲಿಂದಲೇ ವಿಡಿಯೋದಲ್ಲಿ ರೋಗಿಯನ್ನು ಪರೀಕ್ಷಿಸಿ ಔಷಧ ಬರೆದುಕೊಟ್ಟ: ಡಿಸ್ಕು ಬಿಸಿಯಾಗಿ ಹಿಗ್ಗಿದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಎರಡು ಗಂಟೆ ಇಡಿ.

“ಫ್ರೀಜರಲ್ಲಿ ಮತ್ತಿ ಮೀನಿದೆ” ಎಂದೆ.

“ಮೀನು ಈಚೆಗೆ ಸರಿಸು, ಎಡೀ” ಎಂದ ಸಿಬಿಚ್ಚನ್. ‘ಎಡೀ’ ಅಂದರೆ ‘ಲೇ’.

“ಲ್ಯಾಪ್‌ಟಾಪನ್ನು ಯಾರಾದ್ರೂ ಮೀನಿನ ಜೊತೆ ಮಲಗಿಸ್ತಾರಾ? ಅಂಗಡಿಗೆ ತಗೊಂಡು ಹೋಗೋಣ.”

“ಬೇಬಿಚ್ಚನ್ ಯೂರೋಪಲ್ಲಿದ್ದಾನೆ. ನೀನು ಎಲ್ಲಿದ್ದೀಯ?”

ನಾನು ಪಾಲಾದಲ್ಲಿದ್ದೆ. ಆದ್ದರಿಂದ ಲ್ಯಾಪ್‌ಟಾಪು ಫ್ರೀಜರಿಗೆ ಹೋಯಿತು. ಶವಾಗಾರಕ್ಕೆ ಕಳಿಸಿದಷ್ಟೇ ಗಾಂಭೀರ್ಯದಿಂದ ಅಪ್ಪಚ್ಚನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಎರಡು ಗಂಟೆಯ ನಂತರ ಹೊರಗೆ ತೆಗೆದಾಗ ಅದು ತಣ್ಣಗೆ, ನಿಧಾನವಾಗಿ, ಇನ್ನೂ ಸ್ಪಷ್ಟವಾಗಿ ಲೊಚಗುಟ್ಟಿತು. ಮೈಯೆಲ್ಲ ಬೆವರಿತ್ತು. (ಮತ್ತಿ ಮೀನು ಈಚೆಗೆ ಸರಿಸಿದ್ದು ಸರಿಸಿದಲ್ಲೇ ಉಳಿದು, ಬೆಕ್ಕಿಗೆ ಒಂದು ಹಬ್ಬವಾಯಿತು.)

ಮರುದಿನ ಸಿಬಿಚ್ಚನ್‌ಗೆ ಕಚೇರಿಯಲ್ಲಿ ತಪಾಸಣೆ. ಹಾಗೆಂದು ಅವನು ಹೇಳಿದ. ನಾನು ಮಗಳನ್ನು ಅಂಗನವಾಡಿಗೆ ಬಿಟ್ಟು, ಲ್ಯಾಪ್‌ಟಾಪನ್ನು ಮಗುವಿನ ಹಳೇ ಟವೆಲಿನಲ್ಲಿ ಸುತ್ತಿ, ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಎರಡನೇ ಮಹಡಿಯ ರಿಪೇರಿ ಅಂಗಡಿಗೆ ಹೊರಟೆ. ಗೇಟಿನ ಬಳಿ ಅಪ್ಪಚ್ಚನ್ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಜುಬ್ಬ, ಕಂಕುಳಲ್ಲಿ ಕೊಡೆ. ಸೊಂಟ ಮುರಿದು ರಾಡು ಹಾಕಿಸಿಕೊಂಡ ಮೇಲೆ ಅವರು ಮೆಟ್ಟಿಲು ಹತ್ತಿದ್ದೇ ಇಲ್ಲ.

“ಎರಡು ಮಹಡಿ ಇದೆ ಅಪ್ಪಚ್ಚಾ.”

“ಎಂಥ ಮಹಡಿ ಇದ್ರೂ ಹತ್ತಬೇಕಾದಾಗ ಹತ್ತಬೇಕು, ಮೋಳೇ.”

ಹತ್ತಿದರು. ಅಂದರೆ ನಾನು ಹತ್ತಿಸಿದೆ. ಒಂದು ಕಂಕುಳಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಹೆಡ್ಮಾಸ್ಟರು. ಮೊದಲು ನಾಲ್ಕು ವರ್ಷ ನಾನು ಕೋಟ್ಟಯಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅವರ ಸೊಂಟ ಮುರಿದಾಗ ಆ ಕೆಲಸ ಬಿಟ್ಟೆ. ಹಾಗಾಗಿ ಭಾರ ಎತ್ತುವುದು ನನಗೆ ಹೊಸದಲ್ಲ.

ರಿಪೇರಿಯ ನಿಷಾದ್ ನಲವತ್ತು ದಾಟಿದ ಮನುಷ್ಯ. ಟವೆಲು ಬಿಚ್ಚಿದ, ಮುಚ್ಚಳ ತೆರೆದ, ಮೂಗು ಸಿಂಡರಿಸಿದ.

“ಚೇಚೀ, ಇದರೊಳಗೆ ಮತ್ತಿ ಇಟ್ಟಿದ್ರಾ?”

“ಇಲ್ಲ. ಮತ್ತಿ ಜೊತೆ ಇದನ್ನ ಇಟ್ಟಿದ್ವಿ.”

ಅವನು ಬೇರೇನೂ ಕೇಳಲಿಲ್ಲ. ಇಂಥ ಸಂಸಾರಗಳನ್ನು ಬೇಕಾದಷ್ಟು ಕಂಡವನು. ತಿರುಪುಗಳನ್ನು ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದು ಕಿವಿಯ ಹತ್ತಿರ ಹಿಡಿದ. ನಾಡಿ ನೋಡುವ ವೈದ್ಯನ ಮುಖ ಮಾಡಿ ನನ್ನ ಕಡೆ ತಿರುಗಿದ.

“ಹಳೇ ಗ್ರಾಮಫೋನಲ್ಲಿ ಮುಳ್ಳು ಇರೋಲ್ವಾ, ಇದರಲ್ಲೂ ಹಾಗೇ ಒಂದಿದೆ ಚೇಚೀ. ಅದು ಸೋತಿದೆ. ಇನ್ನೊಂದು ಸಲ ಎಬ್ಬಿಸ್ತೀನಿ. ಎದ್ರೆ ಒಂದು ಗಂಟೆ ಓಡಬಹುದು, ಹೆಚ್ಚು ಕಮ್ಮಿ. ನಿಂತ್ರೆ ಮತ್ತೆ ಏಳೋಲ್ಲ. ಎಲ್ಲಾ ತೆಗೆಯೋಕೆ ಆಗೋಲ್ಲ. ಯಾವುದು ಮೊದಲು ಬೇಕು, ಹೇಳಿ.”

ನಾನು ಬಾಯಿ ತೆರೆದೆ. ‘ರೋ’ ಎನ್ನುವಷ್ಟರಲ್ಲಿ ನನ್ನ ಮೊಣಕೈಯನ್ನು ಯಾರೋ ಹಿಡಿದರು.

“ಮೋಳೇ, ನಂದು ಒಂದೇ ಕಾಗದ. ಎರಡು ನಿಮಿಷ. ಅದಾದ ಮೇಲೆ ಉಳಿದ ಹೊತ್ತೆಲ್ಲ ನಿಂದು.”

ಅವರ ಕಡೆ ನೋಡಿದೆ. ಮೆಟ್ಟಿಲು ಹತ್ತಿದ ದಣಿವಿಗೆ ಜುಬ್ಬದ ಕೆಳಗೆ ಎದೆ ಏರಿಳಿಯುತ್ತಿತ್ತು. ಹನ್ನೊಂದು ವರ್ಷದ ತಪಸ್ಸು. ಒಂದು ಗಂಟೆಯಲ್ಲಿ ಎರಡು ನಿಮಿಷ ಹೋದರೆ ಐವತ್ತೆಂಟು ಉಳಿಯುತ್ತದೆ, ನನ್ನದಕ್ಕೆ ಇಪ್ಪತ್ತು ಸಾಕು. ಮನಸ್ಸಿನಲ್ಲೇ ಕಳೆದು ಕೂಡಿಸಿ, ದೊಡ್ಡ ಮನಸ್ಸು ಮಾಡಿ, “ಸರಿ, ‘ಅಂತ್ಯ’ ಮೊದಲು” ಎಂದೆ. ನಿಷಾದ್ ನನ್ನನ್ನು ವಿಚಿತ್ರವಾಗಿ ನೋಡಿ ಗುಂಡಿ ಒತ್ತಿದ.

ಡಿಸ್ಕು ಎದ್ದಿತು. ಪರದೆಯ ಮೇಲೆ ಹಸಿರು ಪಟ್ಟಿ ಕಾಣಿಸಿತು. ಅಪ್ಪಚ್ಚನ್ನಿನ ಕಾಗದ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆದರೆ ಪಟ್ಟಿ ನಿಲ್ಲಲಿಲ್ಲ.

“ಸಾರ್, ಒಂದೇ ಕಾಗದ ಅಂದ್ರಲ್ಲ” ಎಂದ ನಿಷಾದ್. “ಇದು ಅರವತ್ತು ಜೀಬಿ ತೋರಿಸ್ತಾ ಇದೆ. ಒಂದು ಇಡೀ ಸಿನಿಮಾ ಟಾಕೀಸು.”

“ಕಾಗದ ಒಂದೇ” ಎಂದರು ಅಪ್ಪಚ್ಚನ್, ಪರೀಕ್ಷಾ ಕೊಠಡಿಯಲ್ಲಿ ನಿಯಮ ಓದುವ ದನಿಯಲ್ಲಿ. “ಜೊತೆಗೆ ಆಧಾರಗಳಿವೆ.”

ಆಧಾರಗಳು ಒಂದೊಂದಾಗಿ ಹೊರಬಂದವು. ಮೊದಲು ಫೋಟೋಗಳು: ನಿಧನದ ಪುಟಕ್ಕೆಂದೇ ಸ್ಟುಡಿಯೋದಲ್ಲಿ ವರ್ಷವರ್ಷವೂ ತೆಗೆಸಿದವು. ನಗುವ ಅಪ್ಪಚ್ಚನ್, ನಗದ ಅಪ್ಪಚ್ಚನ್, ನಗಬೇಕೋ ಬೇಡವೋ ಎಂದು ಯೋಚಿಸುವ ಅಪ್ಪಚ್ಚನ್. ಆಮೇಲೆ ಶವಸಂಸ್ಕಾರಗಳು. ನಮ್ಮಲ್ಲಿ ಮದುವೆಗೆ ಹೇಗೋ ಹಾಗೆ ಸಾವಿಗೂ ವಿಡಿಯೋದವನು ಬರುತ್ತಾನೆ. ಗಲ್ಫಿನಲ್ಲಿ, ಕೆನಡಾದಲ್ಲಿ ಇರುವವರು ಅಳಬೇಡವೇ? ಹನ್ನೊಂದು ವರ್ಷದಲ್ಲಿ ಬಂಧುಬಳಗದಲ್ಲಿ ಯಾರು ಸತ್ತರೂ ಅಪ್ಪಚ್ಚನ್ ಒಂದು ಪ್ರತಿ ತರಿಸಿ ತುಂಬಿಸಿಟ್ಟಿದ್ದರು. ಸುಮ್ಮನೆ ಅಲ್ಲ. ಯಾರ ಸಾವಿಗೆ ಯಾರು ಬಂದರು, ಯಾರು ಬರಲಿಲ್ಲ, ಯಾರು ಬಂದೂ ಶವಪೆಟ್ಟಿಗೆಗೆ ಮುತ್ತು ಕೊಡದೆ ಹೋದರು, ಎಲ್ಲವೂ ಅದರಲ್ಲಿ ದಾಖಲು. ಮುಂದೆ ಯಾರದಾದರೂ ಮನೆಯಲ್ಲಿ ಸಾವಾದರೆ ಹೋಗಬೇಕೋ ಬೇಡವೋ ಎಂದು ಅವರು ನೋಡಿ ತೀರ್ಮಾನಿಸುವುದು ಆ ವಿಡಿಯೋಗಳಿಂದ.

“ನಿಲ್ಲಿಸಿ ಇದನ್ನ” ಎಂದೆ. “ಅಪ್ಪಚ್ಚಾ, ನಿಮ್ಮ ಕಾಗದ ಬಂತಲ್ಲ. ಈಗ ನಂದು.”

“ಹೌದು ಹೌದು, ನಿಂದೇ. ಈ ಔಸೇಪ್ಪಚ್ಚನ್ ಒಬ್ಬ ಸಮಾಧಿಯೊಳಗೆ ಇಳೀಲಿ, ಪಾಪ. ಅರ್ಧಕ್ಕೆ ಬಿಡೋಕಾಗುತ್ತಾ?”

ಔಸೇಪ್ಪಚ್ಚನ್ ಇಳಿದರು. ಇಪ್ಪತ್ತು ನಿಮಿಷವಾಗಿತ್ತು. ಟಿಕ್, ಕರ್ರ್.

“ಈಗ ನಿಲ್ಲಿಸಿ.”

“ಮೋಳೇ, ಇದು ಕುಟ್ಟಿಯಮ್ಮ ಚೇಡತ್ತಿ! ನಮ್ಮ ಕಡೆ ಬಿಷಪ್ಪರು ಬಂದಿದ್ದ ಒಂದೇ ಶವಸಂಸ್ಕಾರ ಇದು. ನನಗೋಸ್ಕರ ಅಲ್ಲ, ಕುಟುಂಬದ ಮರ್ಯಾದೆಗೆ.”

ನಿಷಾದ್ ಬೆರಳನ್ನು ಗುಂಡಿಯ ಮೇಲೆ ಹಿಡಿದು ನಮ್ಮಿಬ್ಬರನ್ನೂ ನೋಡಿದ. “ಚೇಚೀ, ನೀವು ಹೇಳಿದ ಹಾಗೆ. ನಲವತ್ತು ನಿಮಿಷ ಆಯ್ತು. ಸದ್ದು ಜೋರಾಗ್ತಾ ಇದೆ.”

ನಾನು ಗಟ್ಟಿಯಾದೆ. “ಕುಟ್ಟಿಯಮ್ಮ ಚೇಡತ್ತಿ ಮುಗಿದ ಕೂಡಲೇ ನಿಲ್ಲಿಸಿ. ದೇವರೇ ಬಂದು ಹೇಳಿದ್ರೂ ಮುಂದಿನದು ಬೇಡ.” ಅಪ್ಪಚ್ಚನ್ ತಲೆ ಬಗ್ಗಿಸಿಕೊಂಡರು. ಆ ಮನೆಯಲ್ಲಿ ಒಂಬತ್ತು ವರ್ಷದಲ್ಲಿ ನಾನು ಗೆದ್ದ ಮೊದಲ ಯುದ್ಧ ಅದು.

ಕುಟ್ಟಿಯಮ್ಮ ಚೇಡತ್ತಿ ಮುಗಿದರು. ನಿಷಾದ್ ಗುಂಡಿ ಒತ್ತುವ ಮೊದಲೇ ಮುಂದಿನ ಹೆಸರು ಪರದೆಯ ಮೇಲೆ ಬಂತು.

‘ತೊಡುಪುಳ, ಜಿನ್ಸಿಯ ಅಮ್ಮ. ಒಂದು: ಮನೆ.’

ಜಿನ್ಸಿ ನಾನೇ.

“ನಿಲ್ಲಿಸಲಾ ಚೇಚೀ?” ಎಂದ ನಿಷಾದ್.

ನೀವೇ ಹೇಳಿ. ಹೆತ್ತ ಅಮ್ಮನ ಶವಯಾತ್ರೆ ಮನೆಯಂಗಳದಿಂದ ಹೊರಟಿದೆ, ಅದನ್ನು ನಡುದಾರಿಯಲ್ಲಿ ಇಳಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ಅದು ವಿಡಿಯೋ, ನನಗೂ ಗೊತ್ತು. ಅದರ ಹಿಂದೆಯೇ ಬದುಕಿದ ಅಮ್ಮ ಕಾಲು ಚಾಚಿ, ಎಣ್ಣೆ ಕೈಯಲ್ಲಿ ಕೂತು ತನ್ನ ಸರದಿಗೆ ಕಾಯುತ್ತಿದ್ದಾಳೆ, ಅದೂ ಗೊತ್ತು. ಬುದ್ಧಿ ‘ನಿಲ್ಲಿಸು’ ಎಂದಿತು. ನಾಲಿಗೆ ಏಳಲಿಲ್ಲ. ಅಪ್ಪಚ್ಚನ್ ಮೆಲ್ಲಗೆ ಎದ್ದು ನಿಂತರು, ನಿಜವಾದ ಶವ ಹೋಗುವಾಗ ನಿಲ್ಲುವ ಹಾಗೆ. ಅವರನ್ನು ನೋಡಿ ನಿಷಾದ್ ಕೂಡ ಎದ್ದ. ನಾನು ಮೊದಲೇ ನಿಂತಿದ್ದೆ. ಮೂರು ಜನ ಒಂದು ಹಸಿರು ಪಟ್ಟಿಯ ಮುಂದೆ ತಲೆ ತಗ್ಗಿಸಿ ನಿಂತೆವು.

ಮನೆ ಮುಗಿಯಿತು. ಇಗರ್ಜಿ ಮುಗಿಯಿತು. ಮೂರನೆಯದು, ಸಮಾಧಿ, ಕೊನೆಯ ಹಿಡಿ ಮಣ್ಣಿನವರೆಗೂ ಬಂತು. ನಿಷಾದ್ ಚಟ್ಟನೆ ಕೂತು, ‘ರೋಸ್ಮಿ’ಯನ್ನು ಎಳೆದು ತಂದು, ಗುಂಡಿ ಒತ್ತಿದ.

ಟಿಕ್.

ಅಷ್ಟೆ. ಕರ್ರ್ ಎನ್ನಲೂ ಇಲ್ಲ.

ಅವನು ಬಿಡಿಸಿ ಸಿಕ್ಕಿಸಿದ, ತಿರುಗಿಸಿ ಸಿಕ್ಕಿಸಿದ, ಅಂಗೈ ಮೇಲಿಟ್ಟು ಮೆಲ್ಲಗೆ ತಟ್ಟಿದ. ಕಡೆಗೆ ಟವೆಲಿನ ಮೇಲೆ ಮಲಗಿಸಿದ. ಬೇರೆ ದೊಡ್ಡ ಲ್ಯಾಬು ಎಲ್ಲಾದರೂ ಇದೆಯೇ ಎಂದು ಕೇಳಿದೆ.

“ಮುಳ್ಳು ತಟ್ಟೆಯನ್ನೇ ಕೆರೆದುಬಿಟ್ಟಿದೆ ಚೇಚೀ. ಚೆನ್ನೈಗೆ ಕಳಿಸಿದ್ರೂ ಮೇಲೆ ಒಂದು ಹೂವಿಟ್ಟು ವಾಪಸ್ ಕಳಿಸ್ತಾರೆ.”

ಮೆಟ್ಟಿಲು ಇಳಿಯುವಾಗ ಅಪ್ಪಚ್ಚನ್ ನನ್ನ ತೋಳಿನ ಮೇಲೆ ಭಾರ ಬಿಟ್ಟು, ನಿಂತು ನಿಂತು, ನನಗೆ ಸಮಾಧಾನ ಹೇಳಿದರು. ಕಪಟವಿಲ್ಲದೆ ಹೇಳಿದರು, ಅದೇ ತೊಂದರೆ.

“ಬೇಜಾರು ಮಾಡ್ಕೋಬೇಡ, ಮೋಳೇ. ಅಮ್ಮ ಸಿಕ್ಕಿದಳಲ್ಲ. ಮೂರು ಭಾಗವೂ ಪೂರ್ತಿ! ಅವತ್ತು ಮಳೆ ಇದ್ರೂ ಎಷ್ಟು ಜನ ಬಂದಿದ್ರು ನೋಡು.”

ಹೌದು. ಬದುಕಿದ್ದ ಅಮ್ಮ ಹನ್ನೊಂದೇ ನಿಮಿಷ ಇದ್ದಳು, ಹೋದಳು. ಸತ್ತ ಅಮ್ಮ ಎರಡೂವರೆ ಗಂಟೆ ಇದ್ದಾಳೆ. ಯಾವ ಕೋನದಿಂದ ಬೇಕಾದರೂ ನೋಡಬಹುದು. ಮುಖಕ್ಕೆ ಸೆರಗು ಹಿಡಿದು ಓಡುವುದಿಲ್ಲ. ಹಿನ್ನೆಲೆಯಲ್ಲಿ ಹಾಡೂ ಇದೆ, ಬಾಡಿಗೆಯ ಗಾಯಕರದು.

ಸಂಜೆ ಸಿಬಿಚ್ಚನ್ ಚಹಾ ಕುಡಿಯುತ್ತ ಎಲ್ಲ ಕೇಳಿದ.

“ಎಡೀ, ಅದನ್ನ ಫೋನಿಂದ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ್ದು ನೀನೇ ತಾನೇ?”

“ನಾನೇ.”

“ಅಪ್ಪಂದು ಮೊದಲು ಅಂತ ಹೇಳಿದ್ದೂ ನೀನೇ?”

“ನಾನೇ.”

“ಮತ್ತೆ ನನ್ನ ಯಾಕೆ ಹಾಗೆ ನೋಡ್ತೀಯ?”

ರಾತ್ರಿ ಊಟಕ್ಕೆ ಅವನಿಗೆ ಮೀನು ಕೊಡಲಿಲ್ಲ, ಅಷ್ಟೆ. ಬರೀ ಮರಗೆಣಸು ತಿಂದು ಎದ್ದ.

ಮುಂದಿನ ಮೂರು ದಿನ ಎಲ್ಲ ಎಂದಿನಂತೆ ಮಾಡಿದೆ. ಅಪ್ಪಚ್ಚನ್‌ಗೆ ಮಾತ್ರೆ ಕೊಟ್ಟೆ, ಸೊಂಟಕ್ಕೆ ತೈಲ ಹಚ್ಚಿದೆ, ಬಿಸಿನೀರು ಕಾಸಿದೆ. ರೋಸ್ಮಿಯನ್ನು ಮಲಗಿಸುವಾಗ ಆ ಹಾಡನ್ನು ನಾನೇ ಹೇಳಲು ನೋಡಿದೆ. ಎರಡನೆಯ ಸಾಲಿನ ನಂತರ ನನಗೆ ಬರಲಿಲ್ಲ. ಪದ ನೆನಪಿದ್ದರೆ ರಾಗ ತಪ್ಪುತ್ತಿತ್ತು, ರಾಗ ಹಿಡಿದರೆ ಪದ ಹೋಗುತ್ತಿತ್ತು. ಡೈರಿಯಲ್ಲಿ ಆ ಎರಡು ಸಾಲು ಬರೆದು ಕೆಳಗೆ ಜಾಗ ಬಿಟ್ಟಿದ್ದೇನೆ.

ನಾಲ್ಕನೆಯ ದಿನ ಸಿಬಿಚ್ಚನ್ ಕಚೇರಿಯಿಂದ ಒಂದು ಹಳೇ ಲ್ಯಾಪ್‌ಟಾಪು ತಂದುಕೊಟ್ಟ. ಅಪ್ಪಚ್ಚನ್ ಮರುದಿನ ಬೆಳಿಗ್ಗೆ ಕಾಫಿ ಮುಗಿಸಿ, ಅಂದಿನ ಸಾವುಗಳನ್ನು ಓದಿ, ಉಳಿದು ಬಂದ ತಮ್ಮ ಕಾಗದವನ್ನು ತೆರೆದುಕೊಂಡು ಬಹಳ ಹೊತ್ತು ಕೂತರು. ಬೆರಳಿನಿಂದ ಪರದೆಯ ಮೇಲೆ ಸಾಲುಗಳನ್ನು ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಡುಗೆಮನೆಗೆ ಅವರಾಗಿಯೇ ಬಂದದ್ದು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡೆ. ಎದೆ ಕರಗಿತು. ಕೈ ಒರೆಸಿಕೊಂಡು ಕುರ್ಚಿ ಎಳೆದು ಹಾಕಿದೆ.

ಅವರು ಕೂರಲಿಲ್ಲ.

“ಮೋಳೇ, ಒಂದು ಉಪಕಾರ ಆಗಬೇಕು. ಬೇರೆ ಯಾರನ್ನೂ ಕೇಳೋ ಹಾಗಿಲ್ಲ.”

“ಹೇಳಿ ಅಪ್ಪಚ್ಚಾ.”

“ಪೇಪರಿನವರು ಹನ್ನೆರಡು ಸಾಲಿಗಿಂತ ಹೆಚ್ಚು ಹಾಕೋಲ್ಲ. ಮೀರಿದ್ರೆ ಅವರೇ ಕತ್ತರಿ ಹಾಕ್ತಾರೆ, ಎಲ್ಲಿ ಹಾಕ್ತಾರೋ ಹೇಳೋಕಾಗೋಲ್ಲ. ನಂದು ಈಗ ಹದಿಮೂರಾಗಿದೆ. ಬೇಬಿಚ್ಚನ್‌ಗೆ ಅಲ್ಲಿ ದೊಡ್ಡ ಹುದ್ದೆ ಸಿಕ್ತಲ್ಲ, ಅದನ್ನ ಹಾಕದಿದ್ರೆ ಸಾಲಿ ನನ್ನ ಸಮಾಧಿವರೆಗೂ ಬಂದು ಜಗಳ ಆಡ್ತಾಳೆ. ಕೆನಡಾದಲ್ಲಿರೋ ಇನ್ನೊಬ್ಬ ಸೊಸೆ ಹೆಸರು ಬಿಟ್ರೆ ಅವರು ಬರೋದೇ ಇಲ್ಲ. ನೀನಾದ್ರೆ ಇಲ್ಲೇ ಇರ್ತೀಯ, ಹೇಗೂ ಎಲ್ಲಾ ಕೆಲಸ ನಿಂದೇ. ಮನೆಯವಳ ಹೆಸರನ್ನ ಪೇಪರಲ್ಲಿ ಯಾರು ಹುಡುಕ್ತಾರೆ, ಅಲ್ವಾ?”

ನಾನು ಎಳೆದು ಹಾಕಿದ ಕುರ್ಚಿಯನ್ನು ಮತ್ತೆ ಒಳಗೆ ತಳ್ಳಿದೆ. ಅವರು ತಮ್ಮ ಬೆರಳುಗಳನ್ನು ಚಾಚಿ ನನಗೆ ತೋರಿಸಿದರು.

“ನಾನೇ ಮಾಡೋಣ ಅಂತ ನೋಡಿದೆ. ಕೈ ನಡುಗಿ ಪಕ್ಕದ ಹೆಸರೂ ಹೋಗುತ್ತೆ. ನೀನೇ ಬಂದು ನಿನ್ನ ಹೆಸರನ್ನ ಅಳಿಸಿಕೊಡು, ಮೋಳೇ. ಅಳಿಸಿದ ಮೇಲೆ ಸೇವ್ ಒತ್ತೋದು ಮಾತ್ರ ಮರೀಬೇಡ.”